ಗೋಣಿ ಸುತ್ತಿದ ಭರಣಿ

ಕಳಸ
೨೨ ಏಪ್ರಿಲ್ ೨೦೨೫

ಪ್ರೀತಿಯ ರಕ್ಷಾ,

ಮೇಲಿನ ಎರಡು ಪದ ಬರೆದು, ಪೆನ್ನು ಕೆಳಗಿಟ್ಟು, ಒಳಗೆ ಹೋಗಿ ಒಂದು ಲೋಟ ನೀರು ಕುಡಿದು ಬಂದೆ. ‘ಪ್ರೀತಿಯ’ ಎಂಬುದನ್ನು ಹೊಡೆದು ಹಾಕೋಣ ಅನ್ನಿಸಿತ್ತು. ಆದರೆ ಕಾಲೇಜಿನ ದಿನಗಳಿಂದ ನಿನಗೆ ಹಾಗೆಯೇ ಬರೆದು ಕೈಗೆ ಅಭ್ಯಾಸವಾಗಿದೆ. ಕೈ ಮಾಡಿದ್ದಕ್ಕೆ ನಾನು ಹೊಣೆಯಲ್ಲ. ಇರಲಿ ಬಿಡು.

ಇಲ್ಲಿ ನಾವೆಲ್ಲ ಒಂದು ರೀತಿಯಲ್ಲಿ ಚೆನ್ನಾಗಿದ್ದೇವೆ. ಅಲ್ಲಿ ಗೋಣಿಬೀಡಿನಲ್ಲಿ ನೀನು, ಕುಮಾರಣ್ಣ, ನಿಮ್ಮ ನಾಯಿಗಳು, ನಾಯಿಗಳಿಗೆ ಹೆದರಿ ಕೋಣೆ ಬಿಟ್ಟು ಹೊರಬಾರದ ನಿಮ್ಮ ಹೋಂಸ್ಟೇ ಅತಿಥಿಗಳು, ಎಲ್ಲರೂ ಸುಖವಾಗಿರಿ. ಬರೆಯುವುದು ತಡವಾಯಿತು. ನೀನು ಫೋನ್ ಮಾಡಿದಾಗಲೆಲ್ಲ ನನ್ನ ಗಂಡನಾದ ಮಲ್ಲೇಶ್ “ಸ್ನಾನಕ್ಕೆ ಹೋಗಿದ್ದಾಳೆ” ಅಂದರಂತೆ. ಒಂದು ತಿಂಗಳಿಂದ ನಾನು ಬಚ್ಚಲುಮನೆಯಲ್ಲೇ ಸಂಸಾರ ಹೂಡಿದ್ದೇನೆ ಎಂದು ನಂಬುವಷ್ಟು ದಡ್ಡಿ ನೀನಲ್ಲ. ಅವರೂ ಬೇರೆ ಸುಳ್ಳು ಹುಡುಕುವಷ್ಟು ಜಾಣರಲ್ಲ. ಇಡೀ ಪೇಟೆಗೆ ಮೆಣಸು, ಅಡಿಕೆ, ಬೆಲ್ಲ ವ್ಯಾಪಾರ ಮಾಡುವ ಮನುಷ್ಯ, ಆದರೂ ಸುಳ್ಳಿನ ದಾಸ್ತಾನು ಅವರಲ್ಲಿ ಯಾವಾಗಲೂ ಕಡಿಮೆ. ಇದ್ದ ಒಂದೇ ಒಂದನ್ನು ಅವರು ಎಲ್ಲಿ ಇಟ್ಟಿದ್ದರು ಎಂಬುದನ್ನು ಮುಂದೆ ಬರೆಯುತ್ತೇನೆ.

ಕಾಗದವೇ ಯಾಕೆ ಎಂದು ನೀನು ಕೇಳಬಹುದು. ಫೋನಿನಲ್ಲಿ ನಿನ್ನ ದನಿ ಕೇಳಿದರೆ ನಾನು ಕರಗುತ್ತೇನೆ. ವಾಟ್ಸಾಪಿನಲ್ಲಿ ನೀನು ಅಳುವ ಗೊಂಬೆ ಕಳಿಸುತ್ತೀಯ, ನಾನು ಕೈಮುಗಿಯುವ ಗೊಂಬೆ ಕಳಿಸುತ್ತೇನೆ, ಅಲ್ಲಿಗೆ ವಿಷಯ ಮುಗಿಯಿತು. ಕಾಗದದಲ್ಲಿ ನೀನು ನಡುವೆ ಬಾಯಿ ಹಾಕಲಾರೆ. ನಾನು ಹೇಳಿ ಮುಗಿಸುವ ತನಕ ನೀನು ಕೇಳಲೇಬೇಕು. ಆ ಸುಖ ನನಗೆ ಈ ಸಲ ಬೇಕಾಗಿದೆ.

ಮೊದಲು ಊರಿನ ಸುದ್ದಿ. ಕಾಫಿ ಹೂ ಅರಳಿಸುವ ಹೂಮಳೆ ಆದ ಮೇಲೆ ಇನ್ನೆರಡು ಮಳೆ ಚೆನ್ನಾಗಿ ಬಿತ್ತು, ಕಳಸದ ಕಡೆ ಕಾಯಿ ಚೆನ್ನಾಗಿ ಕಚ್ಚಿದೆ ಅನ್ನುತ್ತಾರೆ. ನಮ್ಮತ್ತೆ ಗಿರಿಜಾಂಬಾ ಅವರ ಮಂಡಿ ನೋವು ಹಾಗೆಯೇ ಇದೆ. ನೀನು ಹೋದ ವಾರ ಹಲಸಿನ ಹಪ್ಪಳ ಹಿಡಿದುಕೊಂಡು ಬಂದಾಗ ಬಾಗಿಲಲ್ಲಿ ಅವರೇ ಸಿಕ್ಕಿದ್ದು ನನ್ನ ಪುಣ್ಯವೋ ನಿನ್ನ ಕರ್ಮವೋ. ಒಳಗಿನಿಂದ ಎಲ್ಲ ಕೇಳಿಸಿಕೊಂಡೆ.

“ಸೌಮ್ಯ ಇಲ್ವಾ ಅಮ್ಮ?”

“ಇದ್ದಾಳೆ. ಒಳಗೇ ಇದ್ದಾಳೆ. ನಿನ್ನ ಮೇಲೆ ಸಿಟ್ಟು, ಅದಕ್ಕೇ ಬರೂದಿಲ್ಲ. ಹಪ್ಪಳ ಕೊಟ್ಟು ಹೋಗು, ಹಪ್ಪಳದ ಮೇಲೆ ನಮಗೇನೂ ಸಿಟ್ಟಿಲ್ಲ.”

ನೀನು ನಕ್ಕೆ. ಆಮೇಲೆ ನೀನೇ ಅತ್ತುಬಿಟ್ಟೆ. ನಾನೂ ಇನ್ನೇನು ನಗುವುದರಲ್ಲಿದ್ದೆ, ಬಾಯಿಗೆ ಸೆರಗು ತುರುಕಿಕೊಂಡು ಕೂತೆ. ಹಪ್ಪಳ ಚೆನ್ನಾಗಿತ್ತಂತೆ. ನನಗೆ ಉಪ್ಪು ಗೊತ್ತಾಯಿತು, ಗರಿಗರಿ ಗೊತ್ತಾಯಿತು, ಹಲಸು ಗೊತ್ತಾಗಲಿಲ್ಲ.

ಇನ್ನು ವಿಷಯಕ್ಕೆ ಬರುತ್ತೇನೆ. ಎಲ್ಲ ನಿನಗೆ ಗೊತ್ತಿರುವುದೇ, ಆದರೂ ಮೊದಲಿನಿಂದ ಬರೆಯುತ್ತೇನೆ. ನಿನಗಿಂತ ಹೆಚ್ಚಾಗಿ ನನಗೇ ಓದಿಕೊಳ್ಳಬೇಕಾಗಿದೆ.

ವಿಜಯಪುರದ ನಮ್ಮ ಶಾಂತವೀರಪ್ಪ ಮಾವ ಯಾವುದೋ ವೈನ್ ಕಂಪನಿಗೆಂದು ಬೆಳೆದ ದ್ರಾಕ್ಷಿಯಲ್ಲಿ ಉಳಿದದ್ದನ್ನು ಈರುಳ್ಳಿ ಲಾರಿಯ ಮೇಲೆ ಹಾಕಿ ಮೂಡಿಗೆರೆಗೆ ಕಳಿಸಿದ್ದು ೨೦೧೯ರ ಫೆಬ್ರವರಿಯಲ್ಲಿ. ನೆನಪಿದೆಯಾ? ಸಣ್ಣ ಸಣ್ಣ ಹಣ್ಣು, ದಪ್ಪ ಸಿಪ್ಪೆ, ಒಳಗೆ ಬರೀ ಬೀಜ, ಮಸಿಯಂಥ ಬಣ್ಣ. ನೀನು ಒಂದನ್ನು ಬಾಯಿಗೆ ಹಾಕಿಕೊಂಡು, “ಇದೆಂತದೇ ಮಾರಾಯ್ತಿ, ತಿನ್ನೂಕೂ ಆಗಲ್ಲ ಉಗಿಯೂಕೂ ಆಗಲ್ಲ, ನಿನ್ನ ಪದ್ಯದ ಹಾಗಿದೆ” ಅಂದೆ. ಅಲ್ಲಿಯವರೆಗೆ ನಾವು ಅಂಗಡಿಯ ಕಪ್ಪು ದ್ರಾಕ್ಷಿಗೆ ಸಕ್ಕರೆ ಸುರಿದು ಕ್ರಿಸ್‌ಮಸ್ ಪಾನಕದಂಥದ್ದನ್ನು ಮಾಡುತ್ತಿದ್ದೆವು. ಆ ಸಲ ಮೊದಲ ಬಾರಿಗೆ ನನಗೆ ಆಸೆಯಾಯಿತು: ನಿಜವಾದ, ಮೈತುಂಬಿದ ಕೆಂಪು ವೈನ್ ಮಾಡಬೇಕು. ಬಾಯಲ್ಲಿ ನೀರಿನಂತೆ ಓಡಿ ಹೋಗದೆ, ಎಮ್ಮೆಹಾಲಿನಂತೆ ನಾಲಿಗೆಯ ಮೇಲೆ ನಿಲ್ಲಬೇಕು, ನುಂಗಿದ ಮೇಲೂ ಕೆನ್ನೆಯ ಒಳಗೆ ಮಾತಾಡುತ್ತಿರಬೇಕು.

ನಮ್ಮ ಮನೆಯಲ್ಲಿ ಮಾಡುವಂತಿರಲಿಲ್ಲ. ಅತ್ತೆ ದಿನಾ ಲಿಂಗಪೂಜೆ ಮಾಡುವ ಮನೆ. ಅವರೆದುರು ವೈನ್ ಎಂಬ ಪದವೇ ಇಲ್ಲ, ‘ದ್ರಾಕ್ಷಾರಿಷ್ಟ’ ಎಂದು ಕರೆದರೆ ಮಾತ್ರ ಅದು ಔಷಧಿ, ಔಷಧಿಗೆ ಮಡಿಯಿಲ್ಲ. ಹಾಗಾಗಿ ನಿಮ್ಮ ಎಸ್ಟೇಟಿನ ಕಾಫಿ ಗೋದಾಮಿನ ಕೆಳಗಿನ ಕಲ್ಲಿನ ಕೋಣೆ. ಸಿಪ್ಪೆ, ಬೀಜ ಸಮೇತ ಹಿಸುಕಿ ಹಾಕಿ, ಮೇಲೆ ಉಬ್ಬಿ ಬಂದ ಸಿಪ್ಪೆಯನ್ನು ಬೆಳಿಗ್ಗೆ ಸಂಜೆ ಕೆಳಗೊತ್ತಿ, ಸೋಸಿ, ಗಸಿ ಬಿಟ್ಟು ತಿಳಿ ತೆಗೆದು, ಮೂರು ಭರಣಿಗಳಲ್ಲಿ ತುಂಬಿದೆವು. ನಿನ್ನ ಕೈ ಯುಗಾದಿಯವರೆಗೂ ನೇರಳೆ ಬಣ್ಣದಲ್ಲಿತ್ತು. ಕುಮಾರಣ್ಣ ಬಂದವರಿಗೆಲ್ಲ “ನಮ್ಮನೆಯವಳು ಕೊಲೆ ಮಾಡಿದ್ದಾಳೆ” ಎಂದು ಹೇಳಿಕೊಂಡು ತಿರುಗಿದರು.

ಆ ಕೋಣೆಯ ಬಾಗಿಲ ಮೇಲೆ ನಾನು ಸೀಮೆಸುಣ್ಣದಲ್ಲಿ ಬರೆದದ್ದು ನಮ್ಮಿಬ್ಬರ ಕಾನೂನು:

ಕಂಠದವರೆಗೂ ತುಂಬಿರಲಿ,
ಗಾಳಿಯ ಕಣ್ಣಿಗೆ ಬೀಳದಿರಲಿ,
ಕುಡಿದವಳು ಕುಂದು ಹೇಳಲಿ,
ಕೇಳಿದವಳು ಬಾಯ್ಮುಚ್ಚಲಿ.

ಪ್ರತಿ ವರ್ಷ ಹೂಮಳೆ ಬಿದ್ದ ಮೇಲೆ, ತೋಟವೆಲ್ಲ ಬೆಳ್ಳಗಾದ ವಾರದಲ್ಲಿ, ಭರಣಿ ಬಿಚ್ಚಿ ಒಂದೊಂದು ಚಮಚ ರುಚಿ ನೋಡುವುದು. ಚೆನ್ನಾಗಿದೆ ಅನ್ನುವುದಕ್ಕೆ ಅಲ್ಲಿ ಅವಕಾಶವಿಲ್ಲ. ಏನು ಕುಂದಿದೆಯೋ ಅದನ್ನು ಹೇಳಬೇಕು. ಕೇಳಿದವಳು ಸಿಟ್ಟು ಮಾಡುವಂತಿಲ್ಲ. ಮೊದಲ ವರ್ಷ ನಾನು “ಒಗರು. ಎಳೆ ಅಡಿಕೆ ಅಗಿದ ಹಾಗಿದೆ. ಐದಾರು ವರ್ಷ ಮುಟ್ಟಬಾರದು” ಅಂದೆ. ನಿನಗೆ ಆಗಲೇ ಗೆಸ್ಟುಗಳಿಗೆ ಬಡಿಸುವ ಅವಸರ. “ನಮಗೇ ಅಷ್ಟೊತ್ತಿಗೆ ಮುದುಕಿಯರ ವಾಸನೆ ಬಂದಿರುತ್ತದೆ” ಎಂದು ಗೊಣಗಿದೆ, ಆದರೆ ಕಾದೆ. ಎರಡನೇ ವರ್ಷ ನೀನು “ಮೂಗಿಗೆ ಚೆನ್ನಾಗಿದೆ, ಗಂಟಲಲ್ಲಿ ಚುರುಕ್ ಅಂತದೆ” ಅಂದೆ. ನಾನು ಬಾಯಿ ಮುಚ್ಚಿಕೊಂಡೆ. ಆ ವರ್ಷವೇ, ಮಾರ್ಚಿನ ಸೆಕೆ ನೋಡಿ, ಭರಣಿಗಳು ತಂಪಾಗಿರಲಿ ಎಂದು ಕುತ್ತಿಗೆಯಿಂದ ಬುಡದವರೆಗೆ ಹೊಸ ಗೋಣಿಚೀಲ ಸುತ್ತಿ, ಬಾಯಿಗೂ ಎರಡು ಮಡಿಕೆ ಬಿಗಿದು ನೀರು ಚಿಮುಕಿಸಿದವಳು ನಾನೇ. ನೀರಿನ ಹೂಜಿಗೆ ಮಾಡುವುದನ್ನು ವೈನಿಗೆ ಮಾಡಿದೆ. ಗೋಣಿಯಲ್ಲಿ ಮಳೆಗಾಲ ಕಳೆದ ಕಾಫಿಬೀಜ ಗೋಣಿ ವಾಸನೆ ಹಿಡಿದು ಹಾಳಾಗುತ್ತದೆ ಎಂದು ನಮ್ಮ ಕಡೆ ಹಾಲು ಕುಡಿಯುವ ಕೂಸಿಗೂ ಗೊತ್ತು. ಆದರೆ ಕಾಫಿಗೆ ಆಗುವುದು ವೈನಿಗೂ ಆಗಬಹುದೆಂದು ಇಬ್ಬರು ಪದವೀಧರೆಯರಿಗೆ, ಅದೂ ಗೋದಾಮಿನ ಕೆಳಗೇ ನಿಂತುಕೊಂಡು, ಹೊಳೆಯಲಿಲ್ಲ. ನೀನು “ಭರಣಿಗೆ ಸ್ವೆಟರ್ ಹಾಕಿದ ಹಾಗಿದೆ” ಎಂದು ಮೆಚ್ಚಿಕೊಂಡೆ ಬೇರೆ.

ಆ ಮೇ ತಿಂಗಳು, ಎರಡನೇ ಅಲೆಯಲ್ಲಿ, ನಮಗೂ ಕೊರೋನಾ ಬಂತು. ಆ ತಿಂಗಳ ಬಗ್ಗೆ ಬರೆಯುವುದಿಲ್ಲ. ಜ್ವರ ಬಿಟ್ಟು ಎದ್ದಾಗ ನನಗೆ ವಾಸನೆ ಹೋಗಿತ್ತು. ಎಲ್ಲರಿಗೂ ಒಂದೆರಡು ತಿಂಗಳಲ್ಲಿ ಮರಳಿ ಬಂದದ್ದು ನನಗೆ ಬರಲಿಲ್ಲ. ಮಂಗಳೂರಿನ ಡಾಕ್ಟರು, ಅತ್ತೆಯ ಬೆಳ್ಳುಳ್ಳಿ ಹೊಗೆ, ನಿನ್ನ ನೀಲಗಿರಿ ಎಣ್ಣೆ, ಯಾವುದಕ್ಕೂ ಬಗ್ಗಲಿಲ್ಲ. ಆಗ ನಿನಗೆ ಕಳಿಸಿದ ಚುಟುಕ:

ಮಲ್ಲಿಗೆಗೆ ಮಾತಿಲ್ಲ, ಸಾರಿಗೆ ಸಾರವಿಲ್ಲ,
ಗಂಡನ ಸಾಕ್ಸಿಗೂ ಈಗ ಅಧಿಕಾರವಿಲ್ಲ.

ನೀನು ನಗುವ ಗೊಂಬೆ ಕಳಿಸಿದೆ. ಅದನ್ನು ಬರೆದ ದಿನ ಹಾಲು ಉಕ್ಕಿ, ಸೀದು, ಪಾತ್ರೆ ಕಪ್ಪಾಗುವವರೆಗೆ ನಾನು ಅದೇ ಒಲೆಯ ಪಕ್ಕ ನಿಂತಿದ್ದೆ ಎಂದು ನಿನಗೆ ಹೇಳಿರಲಿಲ್ಲ. ನೀನು ಹೇಗೋ ಅರ್ಥ ಮಾಡಿಕೊಂಡೆ. ಅಲ್ಲಿಂದ ನೀನು ನನಗೆ ಮೂಗಾದೆ. ಬೆಳಿಗ್ಗೆ ಫೋನ್ ಮಾಡಿ, “ಇವತ್ತು ಹೂ ಬಿಟ್ಟಿದೆ ಕಣೆ, ಗಮ್ ಅಂತಿದೆ, ಮೇಲುಗಡೆ ಮಲ್ಲಿಗೆ ತರ, ಹತ್ರ ಹೋದ್ರೆ ಸ್ವಲ್ಪ ಜೇನು” ಎಂದು ಹೇಳುತ್ತಿದ್ದೆ. ಮಳೆ ಬರುವ ಮೊದಲು, ಬಂದ ಮೇಲೆ, ಕಾಫಿಹಣ್ಣಿನ ಸಿಪ್ಪೆ ಬಿಡಿಸುವ ಪಲ್ಪರ್ ಶುರುವಾದಾಗ, ಏಲಕ್ಕಿ ಒಣಗಿಸುವಾಗ ಒಂದೊಂದು ಫೋನು. ನಾನು ಕಣ್ಣು ಮುಚ್ಚಿಕೊಂಡು ಕೇಳುತ್ತಿದ್ದೆ. ಕೇಳಿದರೆ ಬರುತ್ತಿತ್ತು ರಕ್ಷಾ, ನಿಜವಾಗಿ ಬರುತ್ತಿತ್ತು. ನನ್ನ ಅರ್ಧ ಲೋಕವನ್ನು ನಾನು ನಿನ್ನ ಬಾಯಿಂದ ಮೂಸಿದ್ದೇನೆ. ನಿನ್ನ ಮಾತು ನಿಜ ಎಂಬುದರ ಮೇಲೆ ಅಷ್ಟೂ ನಿಂತಿತ್ತು.

ಮರುವರ್ಷ ಹೂಮಳೆಗೆ ಭರಣಿ ಬಿಚ್ಚಿದೆವು. ನಾನು ಬರುವಷ್ಟರಲ್ಲಿ ನೀನು ಗೋಣಿ ತೆಗೆದು ಬಿಳಿ ಬಟ್ಟೆ ಕಟ್ಟಿದ್ದೆ. ಗೋಣಿ ಎಲ್ಲೇ ಅಂದರೆ “ಹಳೇದಾಗಿತ್ತು, ಬಿಸಾಕಿದೆ” ಅಂದೆ. ನಾನು ಒಂದು ಚಮಚ ಬಾಯಲ್ಲಿ ಹಿಡಿದೆ. ನಾಲಿಗೆ ಹೋಗಿರಲಿಲ್ಲವಲ್ಲ, ಅದು ತನಗೆ ಗೊತ್ತಾದಷ್ಟು ಹೇಳಿತು: ಒಗರು ಮೆತ್ತಗಾಗಿದೆ, ಹುಳಿ ಹದದಲ್ಲಿದೆ, ತೂಕ ಬಂದಿದೆ. ಇನ್ನರ್ಧ ನೀನು ಹೇಳಬೇಕಿತ್ತು. ನೀನು ಚಮಚ ಮೂಗಿನ ಹತ್ತಿರ ಹಿಡಿದು, ಕೆಳಗಿಟ್ಟು, ಮತ್ತೆ ಎತ್ತಿ ಹಿಡಿದೆ. ಆಮೇಲೆ ಅಂದೆ:

“ಬಂತು ಕಣೆ.”

“ಏನು ಬಂತು? ಕುಂದು ಹೇಳು.”

“ಕುಂದು ಎಂತದೂ ಇಲ್ಲ ಮಾರಾಯ್ತಿ. ಮೊದ್ಲು ನೇರಳೆ ಹಣ್ಣು. ಆಮೇಲೆ ಕಾಳುಮೆಣಸು, ಹಸೀದಲ್ಲ, ಒಣಗಿದ್ದು. ಆಮೇಲೆ… ತಡಿ… ಮಳೆ ನಿಂತ ಮೇಲೆ ಯಾರೋ ದೂರದಲ್ಲಿ ಏಲಕ್ಕಿ ಜಜ್ಜಿದ ಹಾಗೆ.”

ಆ ‘ದೂರದಲ್ಲಿ’ ಎಂಬ ಪದಕ್ಕೆ ನಾನು ಅತ್ತುಬಿಟ್ಟೆ. ನೀನೂ ಅತ್ತೆ. ಸಂತೋಷಕ್ಕೆ ಅಂದುಕೊಂಡೆ.

ಮುಂದಿನ ವರ್ಷ ನೇರಳೆಯ ಜಾಗಕ್ಕೆ ಒಣದ್ರಾಕ್ಷಿ ಬಂತು. ಅದರಾಚೆ ವರ್ಷ ಹೊಸ ಚರ್ಮ, ತಂಬಾಕಿನ ಎಲೆ, ಸುಟ್ಟ ಸೌದೆಯ ಬೂದಿ. ನೀನು ಎಲ್ಲಿಂದ ತರುತ್ತಿದ್ದೆ ಅವನ್ನೆಲ್ಲ? ಪ್ರಾಸ ಕಟ್ಟುವವಳು ನಾನು, ಆದರೆ ನಮ್ಮಿಬ್ಬರಲ್ಲಿ ಕವಿ ನೀನು ಎಂದು ಈಗ ಗೊತ್ತಾಗುತ್ತಿದೆ. ನಾನು ಅವನ್ನೆಲ್ಲ ಬಾಯಿಪಾಠ ಮಾಡಿದೆ. ನಮ್ಮ ಅಂಗಡಿಗೆ ಬಂದವರ ಹತ್ತಿರ, ಮದುವೆ ಮನೆಗಳಲ್ಲಿ, ವಿಜಯಪುರದ ಮಾವನಿಗೆ ಫೋನಿನಲ್ಲಿ ಒಪ್ಪಿಸಿದೆ. ಮಾವ “ನಮ್ಮ ದ್ರಾಕ್ಷಿಗೆ ಇಷ್ಟೆಲ್ಲಾ ಬರ್ತದೇನವ್ವ?” ಎಂದು ಬೆರಗಾದರು.

ಈ ವರ್ಷ ನಾನು ಬಾಟಲಿಗೆ ತುಂಬೋಣ ಅಂದೆ. ಆರು ವರ್ಷ ಆಯಿತು, ಹದ ಬಂದಿದೆ, ಹೊರಗಿನ ಒಬ್ಬರ ಬಾಯಿಂದ ಒಮ್ಮೆ ಕೇಳಿಬಿಡೋಣ ಅಂದೆ. ನೀನು “ಈ ವರ್ಷ ಬೇಡ ಕಣೆ, ಇನ್ನೊಂದು ವರ್ಷ ಇರ್ಲಿ, ಅವಸರ ಎಂತಕೆ?” ಅಂದೆ. ನೀನು, ಅವಸರದ ರಕ್ಷಾ! ನನಗೆ ಎಷ್ಟು ಹೆಮ್ಮೆಯಾಯಿತು ಗೊತ್ತಾ? ವೈನ್ ಜೊತೆ ನೀನೂ ಮಾಗಿದೆ ಅಂದುಕೊಂಡೆ.

ಹಟ ಹಿಡಿದು ಪ್ರಸನ್ನಕುಮಾರ್ ಅವರನ್ನು ಕರೆಸಿದ್ದು ನಾನೇ, ಒಪ್ಪುತ್ತೇನೆ. ಚಿಕ್ಕಮಗಳೂರಿನಲ್ಲಿ ಅಷ್ಟು ವರ್ಷ ಕಾಫಿ ರುಚಿ ನೋಡಿದವರು, ಅವರ ನಾಲಿಗೆಗೆ ಮುಖದಾಕ್ಷಿಣ್ಯವಿಲ್ಲ ಎಂದು ಎಲ್ಲರೂ ಹೇಳುತ್ತಾರೆ. ನಿಮ್ಮ ಜಗಲಿಯ ಮೇಲೆ ಅವರು ಕಾಫಿಗೆ ಮಾಡುವಂತೆಯೇ ಕಪ್ಪುಗಳನ್ನು ಸಾಲಾಗಿ ಇಡಿಸಿ, ಸಾಸರು ಮುಚ್ಚಿಸಿದರು. ನಿನ್ನ ನೆಲ್ಲಿಕಾಯಿಯದು, ಪಕ್ಕದ ಎಸ್ಟೇಟಿನ ಶುಂಠಿಯದು, ಅಂಗಡಿಯಿಂದ ತಂದದ್ದು, ನಮ್ಮದು. ಯಾವುದು ಯಾರದ್ದೆಂದು ಅವರಿಗೆ ಹೇಳಿರಲಿಲ್ಲ. ಹೇಳದೆ ಇರಲಾರದೆ ನಾನೇ ಎದ್ದು ನಿಂತು, “ಇದರಲ್ಲಿ ಒಂದು ನಮ್ಮದು ಸಾರ್, ಹುಡುಕಿ. ನೇರಳೆ ಬರುತ್ತೆ, ಒಣಮೆಣಸು ಬರುತ್ತೆ, ಕೊನೆಯಲ್ಲಿ ದೂರದಲ್ಲಿ ಏಲಕ್ಕಿ” ಎಂದು ಶಾಲೆಯ ಮಗುವಿನಂತೆ ಕೈ ಹಿಂದೆ ಕಟ್ಟಿ ಒಪ್ಪಿಸಿದೆ. ಆಗ ನೀನು “ಕೂತ್ಕೊಳೇ ಸೌಮ್ಯ” ಅಂದೆ, ಮೆಲ್ಲಗೆ. ನಾನು ಕೂರಲಿಲ್ಲ.

ಅವರು ಚಮಚದಿಂದ ಸುರ್ರೆಂದು ಎಳೆದುಕೊಂಡರು. ಮೊದಲನೆಯದು, ಎರಡನೆಯದು. ಮೂರನೆಯದಕ್ಕೆ ಬಂದು ನಿಂತರು. ಇನ್ನೊಮ್ಮೆ ಎಳೆದುಕೊಂಡರು. ಉಗಿದರು.

“ಇದರ ಮೈಕಟ್ಟು ಚೆನ್ನಾಗಿದೆ. ಒಳ್ಳೇ ಹಣ್ಣು, ಒಳ್ಳೇ ತೂಕ. ಪಾಪ, ಇಂಥ ಚೆಂದದ ಹುಡುಗಿಗೆ ಯಾರ್ರೀ ಗೋಣಿ ಉಡಿಸಿದ್ದು?”

ಎಲ್ಲರೂ ನಕ್ಕರು. ನಾನೂ ನಕ್ಕೆ, ಅದು ಅಂಗಡಿಯದ್ದಿರಬೇಕು ಎಂದುಕೊಂಡು.

“ಗೋಣಿ ಅಂದ್ರೆ ಸಾರ್?”

“ಒದ್ದೆ ಗೋಣಿಚೀಲ ಅಮ್ಮ. ಮೂಗಿನ ಹತ್ರ ತಂದ್ರೆ ಸಾಕು, ಬೇರೆ ಎಂತದೂ ಬರೂದಿಲ್ಲ. ಕಾಫೀಲಿ ಆಗಿದ್ರೆ ಇಡೀ ಲಾಟ್ ತಿರಸ್ಕಾರ. ವಯಸ್ಸಾದ್ರೆ ಒಗರು ಹೋಗುತ್ತೆ, ಇದು ಹೋಗಲ್ಲ. ಇದು ಯಾರದ್ದು?”

ನಾನು ನಿನ್ನ ಮುಖ ನೋಡಿದೆ. ನೀನು ಕಪ್ಪು ನೋಡುತ್ತಿದ್ದೆ. ಆ ಒಂದು ಕ್ಷಣ ನಾನು ಕಾದೆ ರಕ್ಷಾ. ಅವರು ತಪ್ಪು ಹೇಳುತ್ತಿದ್ದಾರೆ ಎಂದು ನೀನು ಜಗಳಕ್ಕೆ ನಿಲ್ಲುತ್ತೀಯ ಎಂದು ಕಾದೆ. ಕಾಲೇಜಿನಲ್ಲಿ ಯಾರಾದರೂ ನನ್ನ ಪ್ರಾಸಕ್ಕೆ ನಕ್ಕರೆ ಚಪ್ಪಲಿ ತೆಗೆಯುತ್ತಿದ್ದವಳು ನೀನು. ಆದರೆ ಮಾತಾಡಿದ್ದು ಕುಮಾರಣ್ಣ. ಪಾಪ, ಅವರ ಮನಸ್ಸಿನಲ್ಲಿ ಏನೂ ಇರಲಿಲ್ಲ.

“ನಾ ಆಗ್ಲೇ ಬಡ್ಕೊಂಡೆ ಅಲ್ವೇನೆ, ಹೇಳ್ಬಿಡು ಹೇಳ್ಬಿಡು ಅಂತ. ಮೊದಲನೇ ವರ್ಷಾನೇ ಹೇಳಿದ್ರೆ ಮುಗೀತಿತ್ತು.”

ನಾನು ಬಹಳ ಸಭ್ಯವಾಗಿ ವರ್ತಿಸಿದೆ ಎಂದು ಎಲ್ಲರೂ ಅಂದರಂತೆ. ಊಟ ಮಾಡಿದೆ. ಪ್ರಸನ್ನಕುಮಾರ್ ಅವರಿಗೆ ಎರಡನೇ ಸಲ ಪಾಯಸ ಬಡಿಸಿದೆ. ನೀನು ಅಡುಗೆಮನೆಯಲ್ಲಿ ಕೈ ಹಿಡಿದುಕೊಂಡು, “ನಿಂಗೆ ಬೇಜಾರಾಗಬಾರ್ದು ಅಂತ ಕಣೆ, ನೀ ಆಗ ಯಾವ ಸ್ಥಿತೀಲಿದ್ದೆ ನಂಗೊತ್ತಿಲ್ವಾ” ಅಂದಾಗ “ಪಾಯಸಕ್ಕೆ ಗೋಡಂಬಿ ಕಡಿಮೆಯಾಯಿತು” ಅಂದೆ. ಬೇರೆ ಏನು ಹೇಳಿದ್ದರೂ ಅಲ್ಲೇ ಕಿರುಚುತ್ತಿದ್ದೆ.

ವಾಪಸು ಬರುವಾಗ ಕೊಟ್ಟಿಗೆಹಾರದವರೆಗೂ ಕಿಟಕಿಯಾಚೆಯ ಮೈಲಿಗಲ್ಲು ಎಣಿಸಿದೆ. ಆಮೇಲೆ ಮಲ್ಲೇಶ್ ಅವರನ್ನು ಕೇಳಿದೆ, “ನಿಮಗೂ ಗೊತ್ತಿತ್ತಾ?”

ಅವರು ಗೇರು ಬದಲಾಯಿಸಿದರು. ತಿರುವು ಇರಲಿಲ್ಲ, ಏರೂ ಇರಲಿಲ್ಲ, ಸುಮ್ಮನೆ ಬದಲಾಯಿಸಿದರು.

“ಗೊತ್ತಿತ್ತು ಮಾರಾಯ್ತಿ.”

“ಮತ್ತೆ?”

“ವರ್ಷಾ ವರ್ಷ ಅಮ್ಮಂಗೆ ಅಂತ ಆ ವೈನ್ ಬಾಟ್ಲಿ ಹಿಡ್ಕೊಂಡು ಬಂದಾಗ ನಿನ್ನ ಮುಖ ಹೆಂಗಿರ್ತಿತ್ತು ಅಂದ್ರೆ… ರಕ್ಷಾ ನಂಗೂ ಫೋನ್ ಮಾಡಿ ಹೇಳಿದ್ಲು, ನೀವೂ ಚೆನ್ನಾಗಿದೆ ಅನ್ನಿ ಅಂತ. ನಾನೂ ಅಂದೆ.”

ಅವರ ದಾಸ್ತಾನಿನಲ್ಲಿದ್ದ ಆ ಒಂದು ಸುಳ್ಳನ್ನು ಅಲ್ಲಿ ಇಟ್ಟಿದ್ದರು ನೋಡು. ಅದನ್ನೂ ನೀನೇ ಸಪ್ಲೈ ಮಾಡಿದ್ದು.

ಮನೆಗೆ ಬಂದು ಅತ್ತೆಯನ್ನು ಕೇಳಿದೆ. ಪ್ರತಿ ವರ್ಷ ಭರಣಿ ಬಿಚ್ಚಿದ ಮೇಲೆ ಅವರಿಗೆಂದು ಒಂದು ಸಣ್ಣ ಬಾಟಲಿ ತರುತ್ತಿದ್ದೆನಲ್ಲ, ದ್ರಾಕ್ಷಾರಿಷ್ಟ ಎಂದು. ಅವರು ಮಂಡಿಯ ಮೇಲಿನ ಸೀರೆ ಸರಿಸಿಕೊಂಡು ಹೇಳಿದರು:

“ವಾಸನೇನಾ? ನಾಯಿ ಮಲಗಿ ಎದ್ದ ಚೀಲದ್ದು. ನಾನು ಅದನ್ನ ಬಾಯಿಗೆ ಎಲ್ಲಿ ಇಡ್ಲಿ? ಮಂಡಿಗೆ ಹಚ್ಕೊಳ್ತಿದ್ದೆ. ಮಂಡಿಗೆ ಮೂಗಿಲ್ಲ.”

“ನನಗೆ ಯಾಕೆ ಹೇಳಲಿಲ್ಲ ಅತ್ತೆ?”

“ನೀ ನನ್ನ ಕೇಳಿದ್ಯಾ? ನೀ ಕೇಳಿದ್ದು ಅವಳನ್ನ.”

ಅಂದರೆ ಗೋಣಿಬೀಡಿನಿಂದ ಕಳಸದವರೆಗೆ, ಮೂಗಿದ್ದವರಿಗೆಲ್ಲ ಗೊತ್ತಿತ್ತು. ಮದುವೆಮನೆಯಲ್ಲಿ ನಾನು ಏಲಕ್ಕಿ, ತಂಬಾಕು ಎಂದು ವರ್ಣಿಸುವಾಗ ತಲೆ ಆಡಿಸುತ್ತಿದ್ದವರಲ್ಲಿ ಎಷ್ಟು ಜನ ಆ ಬಾಟಲಿ ಮೂಸಿದ್ದರು ಎಂದು ಒಬ್ಬೊಬ್ಬರ ಮುಖವನ್ನೂ ನೆನಪಿಸಿಕೊಂಡು ನೋಡಿದೆ. ಕುರುಡಿಯನ್ನು ಕೂರಿಸಿ ಚಿತ್ರ ತೋರಿಸಿದ ಹಾಗಾಯಿತು. ತೋರಿಸಿದವಳು ನೀನು, ಸುತ್ತ ನಿಂತು ಚಪ್ಪಾಳೆ ಹೊಡೆದವರು ನನ್ನವರು.

ಕರುಣೆಯಿಂದ ಮಾಡಿದೆ ಎಂದು ನೀನು ಹೇಳುತ್ತೀಯ. ನನಗೆ ಅದರಲ್ಲಿ ಅನುಮಾನವಿಲ್ಲ. ಅದೇ ಕಷ್ಟ. ಹೊಟ್ಟೆಕಿಚ್ಚಿನಿಂದಲೋ ದುರಾಸೆಯಿಂದಲೋ ಮಾಡಿದ್ದರೆ ನಾಲ್ಕು ಬೈದು, ನಿನ್ನ ನೆಲ್ಲಿಕಾಯಿ ವೈನಿನ ಬಗ್ಗೆ ಒಂದು ಕೆಟ್ಟ ಚುಟುಕ ಬರೆದು, ಊರಿಗೆಲ್ಲ ಹಂಚಿ ಸಮಾಧಾನ ಮಾಡಿಕೊಳ್ಳುತ್ತಿದ್ದೆ. ‘ಮೋಸ’ಕ್ಕೆ ಪ್ರಾಸ ಹುಡುಕಿಯೂ ನೋಡಿದೆ. ಒಂದು ತಿಂಗಳು ಬಚ್ಚಲಲ್ಲಿ ಕೂತವಳಿಗೆ ದೋಸೆ, ಮೀಸೆ ಬಿಟ್ಟು ಬೇರೇನೂ ಹೊಳೆಯಲಿಲ್ಲ. ನಲವತ್ತೈದು ತುಂಬಿದ 'ಕವಯಿತ್ರಿ'ಗೆ ಇಷ್ಟೇ ದಕ್ಕಿದ್ದು.

ವೈನ್ ಹಾಳಾದದ್ದು ನನಗೆ ನೋವಲ್ಲ. ಹಾಳು ಮಾಡಿದವಳೇ ನಾನು. ಆ ಮೊದಲ ದಿನ ನೀನು ಚಮಚ ಕೆಳಗಿಟ್ಟು, “ಗೋಣಿ ಹಿಡ್ದಿದೆ ಸೌಮ್ಯ, ನಿನ್ನ ಸ್ವೆಟರ್ ಕೆಲ್ಸ” ಅಂದಿದ್ದರೆ ನಾನು ಅಳುತ್ತಿದ್ದೆ, ಭರಣಿಗಳನ್ನು ಕಾಫಿಗಿಡದ ಬುಡಕ್ಕೆ ಸುರಿಯುತ್ತಿದ್ದೆವು, ಮುಂದಿನ ಫೆಬ್ರವರಿಗೆ ಮಾವನಿಗೆ ಇನ್ನೊಂದು ಲಾರಿ ದ್ರಾಕ್ಷಿಗೆ ಹೇಳುತ್ತಿದ್ದೆವು. ಆ ಹೊಸ ವೈನಿಗೆ ಇಷ್ಟೊತ್ತಿಗೆ ಎರಡು ವರ್ಷ ವಯಸ್ಸಾಗಿರುತ್ತಿತ್ತು, ಒಗರು ಮಾಗುತ್ತಿತ್ತು. ನೀನು ನನ್ನಿಂದ ಕಿತ್ತುಕೊಂಡದ್ದು ಆ ಎರಡು ವರ್ಷವನ್ನು. ಮೂಗಿಲ್ಲದವಳು ಸತ್ಯವನ್ನೂ ತಡೆಯಲಾರಳು ಎಂದು ನೀನೇ ತೀರ್ಮಾನ ಮಾಡಿದೆ. ನಮ್ಮ ಕಾನೂನಿನಲ್ಲಿ ‘ಕುಡಿದವಳು ಕುಂದು ಹೇಳಲಿ’ ಎಂದಿತ್ತು. ಕೇಳಿದವಳು ಆರೋಗ್ಯವಾಗಿದ್ದರೆ ಮಾತ್ರ ಎಂದು ಎಲ್ಲಿಯೂ ಇರಲಿಲ್ಲ.

ಭರಣಿಗಳನ್ನು ಏನು ಮಾಡಬೇಕೆಂದು ಕೇಳಿದ್ದೀಯಂತೆ. ಸುರಿದುಬಿಡು. ನನಗಾಗಿ ಕಾಯಬೇಡ. ನಾನು ಬಂದು ನೋಡುವಂಥದ್ದು ಅಲ್ಲಿ ಏನೂ ಇಲ್ಲ. ಭರಣಿಗಳನ್ನು ಮಾತ್ರ ಒಡೆಯಬೇಡ. ಬಿಸಿಲಿಗಿಟ್ಟು, ಸುಣ್ಣದ ನೀರು ಹಾಕಿ ತೊಳೆಸು. ಒಂದನ್ನು ಅತ್ತೆ ಉಪ್ಪಿನಕಾಯಿಗೆ ಕೇಳುತ್ತಿದ್ದಾರೆ.

ಬೆಳಗಿನ ಫೋನುಗಳನ್ನು ಇನ್ನು ಮಾಡಬೇಡ. ಈ ಸಲ ಹೂ ಬಿಟ್ಟದ್ದನ್ನು ನಾನು ಕಣ್ಣಿಂದಲೇ ನೋಡಿದೆ. ಬೆಳ್ಳಗಿತ್ತು. ಅಷ್ಟೇ ಇತ್ತು. ಅಷ್ಟರಲ್ಲೇ ಇರುವುದನ್ನು ಕಲಿಯುತ್ತಿದ್ದೇನೆ.

ಕುಮಾರಣ್ಣನ ಮೇಲೆ ನನಗೆ ಏನೂ ಬೇಸರವಿಲ್ಲ ಎಂದು ಹೇಳು. ಆ ದಿನ ಜಗಲಿಯ ಮೇಲೆ ನನ್ನನ್ನು ಮನುಷ್ಯಳೆಂದು ನಡೆಸಿಕೊಂಡವರು ಅವರು ಮತ್ತು ಆ ಉಗಿದ ಮಹಾನುಭಾವ, ಇಬ್ಬರೇ. ನಿಮ್ಮ ತೋಟಕ್ಕೆ ಮಳೆ ಬೇಕಾದಾಗ ಬರಲಿ, ಬೇಡವಾದಾಗ ನಿಲ್ಲಲಿ. ಕಾಯಿಕೊರಕ ಬಾರದಿರಲಿ, ಆನೆ ಬಾರದಿರಲಿ, ಗೆಸ್ಟುಗಳು ಬಂದು ಬೇಗ ಹೋಗಲಿ. ನಿನ್ನ ಬೆನ್ನುನೋವಿಗೆ ಬಿಸಿನೀರಿನ ಚೀಲ ಇಟ್ಟುಕೋ, ಭಾರ ಎತ್ತಬೇಡ. ಶಿವ ನಿನ್ನನ್ನು ಚೆನ್ನಾಗಿ ಇಟ್ಟಿರಲಿ. ಸಿಟ್ಟಿನಲ್ಲಿ ಹರಸಿದರೂ ಹರಕೆ ಹರಕೆಯೇ ಎಂದು ಅತ್ತೆ ಅನ್ನುತ್ತಾರೆ.

ಇಂತಿ,
ನಿನ್ನ (ಇದನ್ನೂ ಕೈಯೇ ಬರೆಯಿತು)
ಸೌಮ್ಯ

ವಿ.ಸೂ.: ಕವರು ಅಂಟಿಸಿ ಆಗಿತ್ತು, ಮತ್ತೆ ಹರಿದಿದ್ದೇನೆ. ಮೇಲೆ ಬರೆದದ್ದೆಲ್ಲ ನಿಜ, ಆದರೆ ಅದಕ್ಕಾಗಿ ನಾನು ಒಂದು ತಿಂಗಳು ನಿನ್ನ ಮುಖ ನೋಡದೆ ಇರುತ್ತಿರಲಿಲ್ಲ. ಬರೆಯುವುದಿಲ್ಲ ಅಂದ ಆ ಮೇ ತಿಂಗಳಿನದ್ದೇ ಕೇಳಬೇಕು.

ನನ್ನ ಅಮ್ಮ ಚಿಕ್ಕಮಗಳೂರಿನ ಆಸ್ಪತ್ರೆಯಲ್ಲಿ ತೀರಿಹೋದಾಗ ನಾನು ಇಲ್ಲಿ ಜ್ವರದಲ್ಲಿ ಬಿದ್ದಿದ್ದೆ, ಯಾರನ್ನೂ ಒಳಗೆ ಬಿಡುತ್ತಿರಲಿಲ್ಲ. ಅದೇ ವಾರ್ಡಿನಲ್ಲಿ ನಿನ್ನ ಹಾಸಿಗೆ ಇತ್ತು. ಅವಳನ್ನು ಕೊನೆಯದಾಗಿ ಕಂಡ ಗುರುತಿನವಳು ನೀನೊಬ್ಬಳೇ. ಮರುದಿನ ಫೋನಿನಲ್ಲಿ ನೀನು ಹೇಳಿದ್ದು ನನಗೆ ಅಕ್ಷರ ಅಕ್ಷರ ನೆನಪಿದೆ. “ನೋವೇ ಇರ್ಲಿಲ್ಲ ಕಣೆ. ಬೆಳಿಗ್ಗೆ ಕಾಫಿ ಕೇಳಿದ್ರು, ಎರಡು ಗುಟುಕು ಕುಡಿದ್ರು. ಆಮೇಲೆ ನನ್ನ ಕೈಲಿ ಹಣೆಗೆ ವಿಭೂತಿ ಹಚ್ಚಿಸ್ಕೊಂಡ್ರು. ಸೌಮ್ಯಂಗೆ ಹೇಳು, ಅವ್ಳು ಬರ್ಲಿಲ್ಲ ಅಂತ ಶಂಕರಮ್ಮಂಗೆ ಬೇಜಾರಿಲ್ಲ ಅಂತ, ಅಂದ್ರು.” ತನ್ನ ಹೆಸರನ್ನು ಬೇರೆ ಯಾರದ್ದೋ ಎಂಬಂತೆ ಹೇಳಿಕೊಳ್ಳುವುದು ಅಮ್ಮನ ಅಭ್ಯಾಸ. ಹಾಗಾಗಿ ನಂಬಿದೆ. ನಾಲ್ಕು ವರ್ಷ ಅದನ್ನೇ ಹಿಡಿದುಕೊಂಡು ಎದ್ದಿದ್ದೇನೆ, ಮಲಗಿದ್ದೇನೆ.

ಮುಖದ ಮೇಲೆ ಆಮ್ಲಜನಕದ ಮಾಸ್ಕ್ ಕಟ್ಟಿದ್ದವಳು ಕಾಫಿ ಹೇಗೆ ಕುಡಿದಳು ಎಂದು ನಾನು ಒಂದು ದಿನವೂ ನಿನ್ನನ್ನು ಕೇಳಲಿಲ್ಲ. ಈಗ ಕೇಳುತ್ತಿದ್ದೇನೆ. ಅಮ್ಮ ಆ ಮಾತು ಹೇಳಿದಳಾ, ರಕ್ಷಾ? ನೀನು ಹೌದು ಎಂದು ಬರೆದರೂ, ಇಲ್ಲ ಎಂದು ಬರೆದರೂ, ಅದು ನಿಜವೋ ಎಂದು ತಿಳಿಯುವ ದಾರಿ ಈಗ ನನಗೆ ಉಳಿದಿಲ್ಲ.

ಆದರೂ ಬರೆ.